ಓದುಗರ ಪ್ರಶ್ನೆ, ನಮ್ಮ ಉತ್ತರ: ಡಾರ್ನ್‌ಫೆಲ್ಡರ್ ಅನ್ನೋ ಕಡುಗೆಂಪು ವೈನ್

ಹೋದ ತಿಂಗಳು ಜರ್ಮನಿಯ ಬಿಳಿ ವೈನ್ ರೀಸ್ಲಿಂಗ್ ಬಗ್ಗೆ ಬರೆದಿದ್ದೆ. ಅದನ್ನ ಓದಿ ಅಲ್ಲಿರೋ ನಮ್ಮವರು ಸುಮಾರು ಜನ ಪತ್ರ ಬರೆದ್ರು, ಆದ್ರೆ ಹೆಚ್ಚಿನವರು ಕೇಳಿದ್ದು ಕೆಂಪು ವೈನ್ ವಿಚಾರ, ಅದ್ರಲ್ಲೂ ಡಾರ್ನ್‌ಫೆಲ್ಡರ್ ಅನ್ನೋ ಒಂದೇ ಹೆಸರು ಮತ್ತೆ ಮತ್ತೆ ಬಂತು. ನಾನು ಮೈಂಜ್‌ನಲ್ಲಿ ಒಂಬತ್ತು ವರ್ಷ ಇದ್ದೋಳು, ಈ ವೈನ್ ಅಂದ್ರೆ ನಂಗೆ ಪ್ರೀತಿ, ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ಮೇಡಂ, ನಾವು ಜರ್ಮನಿಗೆ ಬಂದು ಆರು ತಿಂಗಳಾಯ್ತು. ಪಕ್ಕದ ಮನೆಯವರು ಒಂದು ಬಾಟಲಿ ಕೊಟ್ರು, ಮೇಲೆ ಡಾರ್ನ್‌ಫೆಲ್ಡರ್ ಅಂತ ಇದೆ. ಗ್ಲಾಸಿಗೆ ಹಾಕಿದ್ರೆ ಮಸಿ ಥರ ಕಪ್ಪು, ಆ ಕಡೆ ಏನಿದೆ ಅಂತ ಕಾಣಲ್ಲ. ಬಣ್ಣ ಏನಾದ್ರೂ ಸೇರಿಸಿರ್ತಾರಾ? ಇದು ಯಾವ ದ್ರಾಕ್ಷಿ? (ಮೈಂಜ್‌ನಿಂದ)

ಉತ್ತರ: ಬಣ್ಣ ಏನೂ ಸೇರಿಸಿಲ್ಲ, ಧೈರ್ಯವಾಗಿರಿ. ಅಷ್ಟೂ ಬಣ್ಣ ಆ ದ್ರಾಕ್ಷಿಯ ಸಿಪ್ಪೆಯಿಂದಾನೇ ಬಂದಿರೋದು. ಹಣ್ಣು ಒಡೆದು ನೋಡಿದ್ರೆ ಒಳಗಿನ ತಿರುಳು ಮಾಮೂಲಿ ದ್ರಾಕ್ಷಿ ಥರ ತಿಳಿಯಾಗೇ ಇರತ್ತೆ, ಆದ್ರೆ ಸಿಪ್ಪೆ ದಪ್ಪ, ಬಣ್ಣ ಎಲ್ಲ ಅದ್ರಲ್ಲೇ ತುಂಬಿರತ್ತೆ. ಮತ್ತೆ ನಿಮ್ಮ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ, ಯಾಕಂದ್ರೆ ಈ ತಳಿ ಹುಟ್ಟಿದ್ದೇ ಬೇರೆ ವೈನಿಗೆ ಬಣ್ಣ ಕೊಡೋಕೆ!

ಕಥೆ ಏನಪ್ಪಾ ಅಂದ್ರೆ, ಜರ್ಮನಿ ಚಳಿ ದೇಶ, ಮೊದಲು ಅಲ್ಲಿ ಕೆಂಪು ದ್ರಾಕ್ಷಿ ಬೆಳೆದ್ರೂ ವೈನ್ ತೆಳು ಬಣ್ಣ ಬರ್ತಿತ್ತು, ಟ್ರೋಲಿಂಗರ್, ಪೋರ್ಟುಗೀಸರ್ ಥರದ ಹಳೇ ತಳಿಗಳ ವೈನ್ ನೋಡಿದ್ರೆ ಕೆಂಪು ಅನ್ನೋದಕ್ಕಿಂತ ತಿಳಿ ಕೆಂಪು ಅನ್ನಬೇಕು. ಕುಡಿಯೋರಿಗೆ ಗಾಢ ಕೆಂಪು ಬೇಕು. ಅದಕ್ಕೆ ಸ್ವಲ್ಪ ಕಡುಬಣ್ಣದ ವೈನ್ ಬೆರೆಸಿ ಬಣ್ಣ ಏರಿಸೋರು, ಅಂಥ ವೈನಿಗೆ ಜರ್ಮನ್ನರು ಡೆಕ್‌ವೈನ್ ಅಂತಾರೆ, ಅಂದ್ರೆ ತೆಳು ಬಣ್ಣವನ್ನ ಮುಚ್ಚೋ ವೈನ್. ಆ ಕೆಲಸಕ್ಕೆ ಅಂತಾನೇ 1955ರಲ್ಲಿ ವ್ಯೂರ್ಟೆಂಬೆರ್ಗ್ ಪ್ರದೇಶದ ವೈನ್ಸ್‌ಬೆರ್ಗ್ ಊರಿನ ದ್ರಾಕ್ಷಿ ಸಂಶೋಧನಾ ಸಂಸ್ಥೆಯಲ್ಲಿ ಔಗುಸ್ಟ್ ಹೆರೋಲ್ಡ್ ಅನ್ನೋ ತಳಿ ತಜ್ಞರು ಎರಡು ತಳಿ ಸೇರಿಸಿ ಇದನ್ನ ಮಾಡಿದ್ರು. ಒಂದು ಹೆಲ್ಫೆನ್‌ಷ್ಟೈನರ್, ಇನ್ನೊಂದು ಹೆರೋಲ್ಡ್‌ರೇಬೆ, ಈ ಎರಡನ್ನೂ ಹಿಂದೆ ಹುಟ್ಟಿಸಿದ್ದು ಅವರೇ. ಇನ್ನೂ ಒಂದು ತಲೆಮಾರು ಹಿಂದೆ ಹೋದ್ರೆ ಹೆಲ್ಫೆನ್‌ಷ್ಟೈನರ್ ಕಡೆ ಫ್ರ್ಯೂಬುರ್ಗುಂಡರ್ ಮತ್ತು ಟ್ರೋಲಿಂಗರ್, ಹೆರೋಲ್ಡ್‌ರೇಬೆ ಕಡೆ ಪೋರ್ಟುಗೀಸರ್ ಮತ್ತು ಲೆಂಬೆರ್ಗರ್. ಅಂದ್ರೆ ಜರ್ಮನಿಯ ಹಳೇ ಕೆಂಪು ದ್ರಾಕ್ಷಿಗಳಲ್ಲಿ ನಾಲ್ಕು ಈ ಒಂದೇ ಮೊಮ್ಮಗುವಿನ ರಕ್ತದಲ್ಲಿವೆ.

ಹೆಸರು ಬಂದಿದ್ದು ಇಮ್ಮಾನುವೆಲ್ ಡಾರ್ನ್‌ಫೆಲ್ಡ್ ಅನ್ನೋ 19ನೇ ಶತಮಾನದ ಅಧಿಕಾರಿಯಿಂದ. ವೈನ್ಸ್‌ಬೆರ್ಗ್‌ನಲ್ಲಿ 1868ರಲ್ಲಿ ಶುರುವಾದ ದ್ರಾಕ್ಷಿ ಕೃಷಿ ಶಾಲೆಗೆ ಬೆನ್ನೆಲುಬಾಗಿ ನಿಂತವರು ಅವರು, ಶಾಲೆ ಶುರುವಾಗಿ ಮುಂದಿನ ವರ್ಷವೇ ತೀರಿಹೋದ್ರು. ಹೆರೋಲ್ಡ್ ಅವರದ್ದೂ ಹಾಗೇ. ಡಾರ್ನ್‌ಫೆಲ್ಡರ್‌ಗೆ ತಳಿ ರಕ್ಷಣೆ ಸಿಕ್ಕಿ ತೋಟಗಳಿಗೆ ಬಿಡುಗಡೆ ಆಗಿದ್ದು 1979ರಲ್ಲಿ, ಅವರು ತೀರಿಕೊಂಡಿದ್ದು 1973ರಲ್ಲಿ. ತಾನು ಮಾಡಿದ ಗಿಡ ಸಾವಿರಾರು ಹೆಕ್ಟೇರ್‌ಗೆ ಹಬ್ಬಿದ್ದನ್ನ ಆ ಮನುಷ್ಯ ನೋಡಲೇ ಇಲ್ಲ ಅಂತ ನೆನೆಸ್ಕೊಂಡ್ರೆ ನಂಗೆ ಈಗಲೂ ಮನಸ್ಸಿಗೆ ಒಂಥರಾ ಆಗತ್ತೆ.

ಪ್ರಶ್ನೆ: ಬಣ್ಣಕ್ಕೆ ಮಾಡಿದ ದ್ರಾಕ್ಷಿ ಅಂತ ನಾನೂ ಕೇಳಿದೀನಿ. ನಮ್ಮ ಆಫೀಸಲ್ಲಿ ವೈನ್ ಬಗ್ಗೆ ಚೆನ್ನಾಗಿ ಗೊತ್ತಿರೋ ಒಬ್ಬರು "ಡಾರ್ನ್‌ಫೆಲ್ಡರ್ ಎಲ್ಲ ವೈನೇ ಅಲ್ಲ, ಕುಡಿಯೋದಾದ್ರೆ ಷ್ಪೇಟ್‌ಬುರ್ಗುಂಡರ್ ಕುಡೀರಿ" ಅಂತಾರೆ. ಹೌದಾ? (ಫ್ರಾಂಕ್‌ಫರ್ಟ್‌ನಿಂದ)

ಉತ್ತರ: ಇಲ್ಲ, ನಾನು ಒಪ್ಪಲ್ಲ. ಆದ್ರೆ ಅವರು ಯಾಕೆ ಹಾಗಂತಾರೆ ಅನ್ನೋದು ಅರ್ಥ ಆಗತ್ತೆ.

ಷ್ಪೇಟ್‌ಬುರ್ಗುಂಡರ್ ಅಂದ್ರೆ ಫ್ರಾನ್ಸಿನವರು ಪಿನೋ ನ್ವಾರ್ ಅನ್ನೋ ದ್ರಾಕ್ಷಿನೇ. ಜರ್ಮನಿಯಲ್ಲಿ ಅತಿ ಹೆಚ್ಚು ಬೆಳೆಯೋ ಕೆಂಪು ತಳಿ ಅದು, 11 ಸಾವಿರ ಹೆಕ್ಟೇರ್ ಮೇಲಿದೆ, ಫ್ರಾನ್ಸ್ ಮತ್ತು ಅಮೆರಿಕ ಬಿಟ್ರೆ ಜಗತ್ತಲ್ಲಿ ಅದನ್ನ ಹೆಚ್ಚು ಬೆಳೆಯೋದು ಜರ್ಮನ್ನರೇ. ನೂರಾರು ವರ್ಷದ ಇತಿಹಾಸ ಇದೆ, ಅಹರ್ ಕಣಿವೆಯದ್ದೋ ಬಾಡೆನ್‌ದೋ ಒಳ್ಳೇ ಬಾಟಲಿ ಸಿಕ್ಕಿದ್ರೆ ನಾನೂ ಬಿಡಲ್ಲ. ಎರಡನೇ ಸ್ಥಾನ ಡಾರ್ನ್‌ಫೆಲ್ಡರ್‌ದು, ಈಗ ಸುಮಾರು 7 ಸಾವಿರ ಹೆಕ್ಟೇರ್.

ಬಿಡುಗಡೆ ಆದ ಮೇಲೆ ರೈತರು ಇದನ್ನ ಒಂದು ಸಲ ಬೇರೆಯದಕ್ಕೆ ಬೆರೆಸದೆ ಹಾಗೇ ವೈನ್ ಮಾಡಿ ನೋಡಿದ್ರು, ಕುಡಿದ್ರೆ ಚೆನ್ನಾಗಿದೆ! ಹುಳಿ ಚೆರಿ, ಬ್ಲ್ಯಾಕ್‌ಬೆರಿ, ಎಲ್ಡರ್‌ಬೆರಿ ಥರದ ಪರಿಮಳ, ಒಗರು ಕಮ್ಮಿ, ಹುಳಿ ಹದವಾಗಿದೆ, ಬಣ್ಣವಂತೂ ಸರಿಯೇ ಸರಿ. ಜೊತೆಗೆ ಹಣ್ಣು ಷ್ಪೇಟ್‌ಬುರ್ಗುಂಡರ್‌ಗಿಂತ ಬೇಗ ಮಾಗತ್ತೆ, ದಪ್ಪ ಸಿಪ್ಪೆಯಿಂದಾಗಿ ಮಳೆಗಾಲದ ಕೊಳೆರೋಗಾನೂ ಅಷ್ಟಾಗಿ ತಾಗಲ್ಲ, ಇಳುವರಿ ಕೇಳೋದೇ ಬೇಡ. ಹಾಗಾಗಿ 1980, 90ರ ದಶಕದಲ್ಲಿ ಎಲ್ಲರೂ ನೆಡೋಕೆ ಶುರು ಮಾಡಿದ್ರು, 2000ದ ದಶಕದ ಮಧ್ಯದ ಹೊತ್ತಿಗೆ 8 ಸಾವಿರ ಹೆಕ್ಟೇರ್ ದಾಟಿಬಿಡ್ತು.

ಕೆಟ್ಟ ಹೆಸರು ಬಂದಿದ್ದು ಆ ಇಳುವರಿಯಿಂದಾನೇ. ಈ ಬಳ್ಳಿ ಜೋರಾಗಿ ಬೆಳೆಯತ್ತೆ, ಸುಮ್ನೆ ಬಿಟ್ರೆ ಹೆಕ್ಟೇರಿಗೆ 100 ಹೆಕ್ಟೋಲೀಟರ್, ಅಂದ್ರೆ 10 ಸಾವಿರ ಲೀಟರ್ ವೈನಿಗಾಗುವಷ್ಟು ಹಣ್ಣು ಸಲೀಸಾಗಿ ಕೊಡತ್ತೆ. ಒಂದು ಬಳ್ಳಿ ಅಷ್ಟೊಂದು ಗೊಂಚಲು ಹೊತ್ತಾಗ ಪ್ರತಿ ಹಣ್ಣಿಗೂ ಸಿಗೋ ಸಾರ ಕಮ್ಮಿ ಆಗತ್ತೆ, ಬಣ್ಣ ಮಾತ್ರ ಗಾಢವಾಗೇ ಇರತ್ತೆ, ಕುಡಿದ್ರೆ ಒಳಗೆ ನೀರು ನೀರು. ಆ ಸಪ್ಪೆಯನ್ನ ಮುಚ್ಚೋಕೆ ಒಂದಿಷ್ಟು ಸಿಹಿ ಉಳಿಸಿ ಸೂಪರ್‌ಮಾರ್ಕೆಟ್ಟಲ್ಲಿ ಅಗ್ಗಕ್ಕೆ ಮಾರ್ತಾರೆ. ನಿಮ್ಮ ಆಫೀಸಿನವರು ಬಹುಶಃ ಅಂಥದ್ದೇ ಕುಡಿದು ಬೇಜಾರಾಗಿರ್ತಾರೆ. ಅದೇ ತೋಟದಲ್ಲಿ ಬೇಸಿಗೆಯಲ್ಲೇ ಅರ್ಧ ಗೊಂಚಲು ಕತ್ತರಿಸಿ ಕೆಳಗೆ ಹಾಕಿ, ಉಳಿದದ್ದನ್ನ ಪೂರ್ತಿ ಮಾಗೋಕೆ ಬಿಟ್ಟು, ಸಿಪ್ಪೆ ಸಮೇತ ನಿಧಾನಕ್ಕೆ ಹುದುಗಿಸಿ, ಒಂದು ವರ್ಷ ಓಕ್ ಮರದ ಪೀಪಾಯಿಯಲ್ಲಿಟ್ಟು ಮಾಡಿದ ಡಾರ್ನ್‌ಫೆಲ್ಡರ್ ಕುಡಿಸಿ ನೋಡಿ ಅವರಿಗೆ, ಹೆಸರು ಹೇಳದೇ ಕೊಡಿ. ನಾನು ಹೀಗೆ ಇಬ್ಬರು ಮೂವರಿಗೆ ಕೊಟ್ಟಿದೀನಿ, ಯಾರೂ ಇದು ಡಾರ್ನ್‌ಫೆಲ್ಡರ್ ಅಂತ ಹೇಳಲಿಲ್ಲ, ಎಲ್ಲರೂ ಇನ್ನೊಂದು ಗ್ಲಾಸ್ ಕೇಳಿದ್ರು.

ಷ್ಪೇಟ್‌ಬುರ್ಗುಂಡರ್ ಥರ ನಾಜೂಕು ಇದಕ್ಕಿಲ್ಲ ಅನ್ನೋದು ನಿಜ. ಹತ್ತಾರು ವರ್ಷ ಇಟ್ಟು ಕುಡಿಯೋ ವೈನೂ ಅಲ್ಲ ಇದು. ಊಟದ ಮೇಜಿನ ವೈನು, ಆ ಕೆಲಸವನ್ನ ತುಂಬಾ ಚೆನ್ನಾಗಿ ಮಾಡತ್ತೆ.

ಪ್ರಶ್ನೆ: ಒಣ ವೈನ್, ಅಂದ್ರೆ ಸಿಹಿ ಇಲ್ಲದ್ದು ಅಂದ್ಕೊಂಡು ತಗೊಂಡೆ, ಬಾಯಿಗೆ ಹಾಕಿದ್ರೆ ಪಾನಕ! ಮುಂದಿನ ಸಲ ಹೆಂಗೆ ಗುರುತು ಹಿಡಿಯೋದು? (ಮ್ಯಾನ್‌ಹೈಮ್‌ನಿಂದ)

ಉತ್ತರ: ನಂಗೂ ಮೊದಲನೇ ವರ್ಷ ಹೀಗೇ ಆಗಿತ್ತು, ಗೆಳತಿ ಮನೆಗೆ ಊಟಕ್ಕೆ ಅಂತ ತಗೊಂಡು ಹೋಗಿ ಅವರೆಲ್ಲರ ಮುಂದೆ ಮುಖ ಸಣ್ಣ ಆಯ್ತು. ಅಂಗಡಿಯವರನ್ನ ಕೇಳಿದ್ದೆ, ಅವರು ಒಣ ವೈನ್ ಅಂತಾನೇ ಹೇಳಿ ಕೊಟ್ಟಿದ್ರು, ಅವತ್ತಿಂದ ನಾನೇ ಲೇಬಲ್ ಓದ್ತೀನಿ.

ಲೇಬಲ್ ಮೇಲೆ ಒಂದು ಪದ ಹುಡುಕಿ, ಟ್ರೋಕನ್ ಅಂತ. ಅದು ಒಣ ವೈನ್, ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಉಳಿದಿರಬಹುದು, ವೈನಲ್ಲಿ ಹುಳಿ ಸಾಕಷ್ಟಿದ್ರೆ 9 ಗ್ರಾಂವರೆಗೂ ಬಿಡ್ತಾರೆ. ಹಾಲ್ಪ್‌ಟ್ರೋಕನ್ ಅಂದ್ರೆ ಅರೆ ಒಣ, 12 ಗ್ರಾಂವರೆಗೆ, ಇದಕ್ಕೂ ಹುಳಿ ನೋಡ್ಕೊಂಡು 18ರವರೆಗೆ ಹೋಗಬಹುದು. ಲೀಬ್ಲಿಶ್ ಅಂತ ಇದ್ರೆ ಸಿಹಿ, 45 ಗ್ರಾಂವರೆಗೂ ಇರತ್ತೆ, ನಿಮಗೆ ಸಿಕ್ಕಿದ್ದು ಇದೇ ಅನ್ಸತ್ತೆ. ಅದಕ್ಕೂ ಮೇಲಿನದ್ದು ಸ್ಯೂಸ್. ಕೆಲವು ಬಾಟಲಿ ಮೇಲೆ ಫೈನ್‌ಹೆರ್ಬ್ ಅಂತ ಇರತ್ತೆ, ಅದಕ್ಕೆ ಕಾನೂನಿನ ಅಳತೆ ಇಲ್ಲ, ಸಾಮಾನ್ಯವಾಗಿ ಅರೆ ಒಣದ ಆಸುಪಾಸಿನ ರುಚಿ. ಏನೂ ಬರೆದೇ ಇಲ್ಲ ಅಂದ್ರೆ ಆಲ್ಕೋಹಾಲ್ ಅಂಕಿ ನೋಡಿ, ಡಾರ್ನ್‌ಫೆಲ್ಡರಲ್ಲಿ 9, 10 ಪರ್ಸೆಂಟ್ ಅಂತ ಇದ್ರೆ ಸಿಹಿ ಉಳಿದಿರೋ ಸಾಧ್ಯತೆ ಜಾಸ್ತಿ, 12.5, 13 ಇದ್ರೆ ಹೆಚ್ಚಾಗಿ ಒಣ. ಸಕ್ಕರೆಯೇ ಆಲ್ಕೋಹಾಲ್ ಆಗೋದಲ್ವಾ, ಪೂರ್ತಿ ಆಗಿಲ್ಲ ಅಂದ್ರೆ ಉಳಿದದ್ದು ಬಾಯಿಗೆ ಸಿಗತ್ತೆ.

ಇನ್ನೊಂದು ಪದ ಗುಟ್ಸ್‌ಆಪ್‌ಫ್ಯುಲ್ಲುಂಗ್. ಉದ್ದ ಇದೆ, ಆದ್ರೆ ನೆನಪಿಟ್ಕೊಳ್ಳಿ, ತೋಟದವರೇ ತಮ್ಮ ದ್ರಾಕ್ಷಿಯಿಂದ ಮಾಡಿ ತಮ್ಮಲ್ಲೇ ಬಾಟಲಿಗೆ ತುಂಬಿದ್ದು ಅಂತ ಅರ್ಥ. ಸೂಪರ್‌ಮಾರ್ಕೆಟ್ಟಲ್ಲಿ 3, 4 ಯೂರೋಗೆ ಡಾರ್ನ್‌ಫೆಲ್ಡರ್ ಸಿಗತ್ತೆ, ತೋಟದವರ ಹತ್ರ ನೇರ ಹೋದ್ರೆ 7ರಿಂದ 10 ಯೂರೋ ಆಗಬಹುದು, ಪೀಪಾಯಿಯಲ್ಲಿಟ್ಟದ್ದು ಇನ್ನೂ ಮೇಲೆ. ಆ ನಾಲ್ಕು ಯೂರೋ ವ್ಯತ್ಯಾಸದಲ್ಲೇ ಮೇಲೆ ಹೇಳಿದ ಗೊಂಚಲು ಕತ್ತರಿಸೋ ಕೂಲಿ, ಸಮಯ ಎಲ್ಲಾ ಇರೋದು, ನನ್ನ ಕೇಳಿದ್ರೆ ಅಷ್ಟು ಕೊಡೋದು ವ್ಯರ್ಥ ಅಲ್ಲ.

ಸಿಹಿಯ ಬಾಟಲಿ ಚೆಲ್ಲಬೇಡಿ, ಕೆಳಗೆ ಊಟದ ಪ್ರಶ್ನೆ ಹತ್ರ ಅದಕ್ಕೂ ಒಂದು ದಾರಿ ಹೇಳಿದೀನಿ.

ಪ್ರಶ್ನೆ: ಹುಟ್ಟಿದ್ದು ವ್ಯೂರ್ಟೆಂಬೆರ್ಗ್‌ನಲ್ಲಿ, ಆದ್ರೆ ಬಾಟಲಿ ಮೇಲೆಲ್ಲ ರೈನ್‌ಹೆಸ್ಸೆನ್, ಇಲ್ಲಾ ಫಾಲ್ಟ್ಸ್ ಅಂತಾನೇ ಇರತ್ತೆ, ಯಾಕೆ? ಮತ್ತೆ ರೈನ್‌ಹೆಸ್ಸೆನ್ ಅಂದ್ರೆ ಹೆಸ್ಸೆನ್ ರಾಜ್ಯದಲ್ಲಿದೆಯಾ? (ಡಾರ್ಮ್‌ಷ್ಟಾಟ್‌ನಿಂದ)

ಉತ್ತರ: ಎರಡನೇದಕ್ಕೆ ಮೊದಲು ಹೇಳ್ತೀನಿ, ಇಲ್ಲ. ಹೆಸರಲ್ಲಿ ಹೆಸ್ಸೆನ್ ಇದ್ರೂ ಅದು ಇರೋದು ರೈನ್‌ಲಾಂಡ್-ಫಾಲ್ಟ್ಸ್ ರಾಜ್ಯದಲ್ಲಿ. ಹಿಂದೆ ಹೆಸ್ಸೆನ್ ದೊರೆಗಳ ಕೈಯಲ್ಲಿತ್ತು, ಹೆಸರು ಮಾತ್ರ ಉಳ್ಕೊಂಡಿದೆ. ಮೈಂಜ್, ವೋರ್ಮ್ಸ್, ಬಿಂಗೆನ್, ಆಲ್ಟ್ಸೈ ಈ ನಾಲ್ಕು ಊರಿನ ನಡುವಿನ ಜಾಗ ಅಂತ ಅಂದ್ಕೊಳ್ಳಿ, ರೈನ್ ನದಿ ಅದನ್ನ ಪೂರ್ವಕ್ಕೂ ಉತ್ತರಕ್ಕೂ ಸುತ್ತಿ ಹೋಗತ್ತೆ. ಜರ್ಮನಿಯಲ್ಲಿ ಒಟ್ಟು 13 ವೈನ್ ಪ್ರದೇಶಗಳಿವೆ, ಅದ್ರಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ, ಸುಮಾರು 27 ಸಾವಿರ ಹೆಕ್ಟೇರ್ ಬರೀ ದ್ರಾಕ್ಷಿ. ಅದರ ದಕ್ಷಿಣಕ್ಕೆ ಅಂಟಿಕೊಂಡ ಹಾಗೆ ಫಾಲ್ಟ್ಸ್, ಎರಡನೇ ದೊಡ್ಡದು. ಡಾರ್ನ್‌ಫೆಲ್ಡರ್‌ನ ಬಹುಪಾಲು ಈ ಎರಡರಲ್ಲೇ ಇದೆ.

ಕಾರಣ ಅಂದ್ರೆ ಒಂದು, ಹವಾಮಾನ. ರೈನ್‌ಹೆಸ್ಸೆನ್‌ಗೆ ಪಶ್ಚಿಮದಲ್ಲಿ ಡಾನರ್ಸ್‌ಬೆರ್ಗ್ ಬೆಟ್ಟ, ಹುನ್ಸ್‌ರ್ಯುಕ್ ಬೆಟ್ಟಸಾಲು ಅಡ್ಡ ಇದಾವೆ, ಮಳೆಮೋಡ ಅಲ್ಲೇ ಸುರಿದು ಖಾಲಿ ಆಗತ್ತೆ, ಹಾಗಾಗಿ ಈ ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಅಷ್ಟೇ. ಫಾಲ್ಟ್ಸ್‌ಗೆ ಹಾರ್ಟ್ ಬೆಟ್ಟಸಾಲು ಇದೇ ಕೆಲಸ ಮಾಡತ್ತೆ, ಅಲ್ಲಿ ಬಾದಾಮಿ, ಅಂಜೂರ ಬೆಳೆಯತ್ತೆ ಅಂದ್ರೆ ಎಷ್ಟು ಬೆಚ್ಚಗಿರತ್ತೆ ನೋಡಿ, ಮಾರ್ಚ್ ಹೊತ್ತಿಗೆ ಬಾದಾಮಿ ಹೂ ಬಿಟ್ಟು ರಸ್ತೆ ಇಕ್ಕೆಲ ಪೂರ್ತಿ ಗುಲಾಬಿ. ಎರಡನೇ ಕಾರಣ ಅಲ್ಲಿನ ರೈತರ ಮನಸ್ಸು. ವ್ಯೂರ್ಟೆಂಬೆರ್ಗ್‌ನವರಿಗೆ ಅವರ ಟ್ರೋಲಿಂಗರ್, ಲೆಂಬೆರ್ಗರ್ ಅಂದ್ರೆ ಮನೆ ಮಕ್ಕಳಿದ್ದಂಗೆ, ಹೊಸದಕ್ಕೆ ಅಷ್ಟು ಜಾಗ ಬಿಡಲಿಲ್ಲ. ರೈನ್‌ಹೆಸ್ಸೆನ್, ಫಾಲ್ಟ್ಸ್‌ನವರು ಬಿಳಿ ವೈನ್‌ನವರು, ಅವರಿಗೆ ಹೆಸರು ಮಾಡೋ ಒಂದು ಕೆಂಪು ಬೇಕಿತ್ತು, ಸಮತಟ್ಟಾದ ಫಲವತ್ತಾದ ಜಮೀನೂ ಇತ್ತು, ಮೆಷಿನ್ನಲ್ಲಿ ಕೊಯ್ಲು ಮಾಡಬಹುದು. ಡಾರ್ನ್‌ಫೆಲ್ಡರ್ ಸರಿಯಾದ ಹೊತ್ತಿಗೆ ಬಂತು.

ತೊಂದರೆ ಇಲ್ಲ ಅಂತ ಅಲ್ಲ. 2014ರಲ್ಲಿ ಏಷ್ಯಾ ಮೂಲದ ಒಂದು ಸಣ್ಣ ಹಣ್ಣುನೊಣ, ಅಲ್ಲಿನವರು ಕಿರ್ಶ್‌ಎಸ್ಸಿಗ್‌ಫ್ಲೀಗೆ ಅಂತಾರೆ, ಕೆಂಪು ದ್ರಾಕ್ಷಿ ತೋಟಗಳಿಗೆ ನುಗ್ಗಿ ಡಾರ್ನ್‌ಫೆಲ್ಡರ್‌ಗೂ ತುಂಬಾ ಹೊಡೆತ ಕೊಡ್ತು. ಮಾಮೂಲಿ ನೊಣ ಕೊಳೆತ ಹಣ್ಣಿಗೆ ಬರತ್ತೆ, ಇದು ಮಾಗ್ತಾ ಇರೋ ಒಳ್ಳೇ ಹಣ್ಣಿನ ಸಿಪ್ಪೆ ಕೊರೆದು ಒಳಗೆ ಮೊಟ್ಟೆ ಇಡತ್ತೆ, ಆಮೇಲೆ ಹಣ್ಣು ವಿನೆಗರ್ ವಾಸನೆ ಹೊಡಿಯತ್ತೆ. ಬಣ್ಣ ಬಂದ ಹಣ್ಣೇ ಅದಕ್ಕೆ ಇಷ್ಟ, ಹಾಗಾಗಿ ಕಡುಬಣ್ಣದ ಈ ತಳಿಗೆ ಅಪಾಯ ಜಾಸ್ತಿ.

ಪ್ರಶ್ನೆ: ಅಕ್ಕಾ, ನನ್ನ ಜರ್ಮನ್ ಅತ್ತೆ ಮಾವನ ಮನೆಯಲ್ಲಿ ಕ್ರಿಸ್‌ಮಸ್ ಊಟ, ವೈನ್ ತರೋ ಜವಾಬ್ದಾರಿ ನಂದು. ಸೌವರ್‌ಬ್ರಾಟನ್ ಮಾಡ್ತಾರಂತೆ. ಡಾರ್ನ್‌ಫೆಲ್ಡರ್ ತಗೊಂಡು ಹೋಗ್ಲಾ? ಬೇರೆ ಯಾವ ಊಟಕ್ಕೆ ಇದು ಹೊಂದತ್ತೆ? (ಕಾರ್ಲ್ಸ್‌ರೂಹೆಯಿಂದ)

ಉತ್ತರ: ಕಣ್ಣು ಮುಚ್ಕೊಂಡು ತಗೊಂಡು ಹೋಗಮ್ಮ. ಟ್ರೋಕನ್ ನೋಡಿ ತಗೋ, ಪೀಪಾಯಿಯಲ್ಲಿಟ್ಟದ್ದು ಸಿಕ್ಕಿದ್ರೆ ಇನ್ನೂ ಒಳ್ಳೇದು, ಲೇಬಲ್ ಮೇಲೆ ಬಾರೀಕ್ ಅಂತ ಇರತ್ತೆ.

ಸೌವರ್‌ಬ್ರಾಟನ್ ಅಂದ್ರೆ ದನದ ಮಾಂಸದ ದೊಡ್ಡ ತುಂಡನ್ನ ವಿನೆಗರ್, ವೈನ್, ಈರುಳ್ಳಿ, ಲವಂಗ, ಜೂನಿಪರ್ ಕಾಯಿ ಹಾಕಿದ ನೀರಲ್ಲಿ ಮೂರು ನಾಲ್ಕು ದಿನ, ಕೆಲವರು ವಾರಗಟ್ಟಲೆ ನೆನೆಹಾಕಿ ಆಮೇಲೆ ಗಂಟೆಗಟ್ಟಲೆ ಬೇಯಿಸೋದು. ರೈನ್ ಕಡೆಯವರು ಗ್ರೇವಿಗೆ ಒಣದ್ರಾಕ್ಷಿ ಹಾಕ್ತಾರೆ, ಮಸಾಲೆ ಬಿಸ್ಕತ್ತು ಪುಡಿ ಮಾಡಿ ಗಟ್ಟಿ ಮಾಡ್ತಾರೆ, ಹುಳಿ ಸಿಹಿ ಎರಡೂ ಇರೋ ಗ್ರೇವಿ ಅದು. ಪಕ್ಕದಲ್ಲಿ ಕೆಂಪು ಕೋಸಿನ ಪಲ್ಯ, ಆಲೂಗಡ್ಡೆ ಉಂಡೆ. ಇಂಥ ಹುಳಿ ಸಿಹಿ ಊಟಕ್ಕೆ ಒಗರು ಜಾಸ್ತಿ ಇರೋ ವೈನ್ ಕೊಟ್ರೆ ಬಾಯೆಲ್ಲ ಒರಟಾಗಿ ಕಹಿ ಅನ್ಸತ್ತೆ. ಡಾರ್ನ್‌ಫೆಲ್ಡರ್‌ಗೆ ಒಗರು ಮೃದು, ಹಣ್ಣಿನ ರುಚಿ ಜೋರು, ಗ್ರೇವಿಯ ಹುಳಿಗೆ ಸಮನಾಗಿ ನಿಲ್ಲೋ ಅಷ್ಟು ಹುಳಿ ಅದಕ್ಕೂ ಇದೆ, ಚೆರಿ ಪರಿಮಳ ಆ ಕೆಂಪು ಕೋಸಿನ ಜೊತೆ ಸೇರ್ಕೊಳ್ಳತ್ತೆ. ನಂಗೆ ಗೊತ್ತಿರೋ ಜೋಡಿಗಳಲ್ಲಿ ಇದೇ ಎಲ್ಲಕ್ಕಿಂತ ಮೇಲು.

ಇದೇ ಲೆಕ್ಕದಲ್ಲಿ ರೂಲಾಡೆನ್‌ಗೂ ಒಪ್ಪತ್ತೆ, ಸಾಸಿವೆ ಹಚ್ಚಿ ಉಪ್ಪಿನ ಸೌತೆ, ಬೇಕನ್ ಇಟ್ಟು ಸುತ್ತಿದ ದನದ ಮಾಂಸ ಅದು. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಹೊತ್ತಿಗೆ ಬಾತುಕೋಳಿ ಜಾತಿಯ ದೊಡ್ಡ ಹಕ್ಕಿ ಗಾನ್ಸ್ ರೋಸ್ಟ್ ಮಾಡ್ತಾರೆ, ಆ ಕೊಬ್ಬಿಗೆ ಈ ವೈನಿನ ಹುಳಿ ಬೇಕೇ ಬೇಕು. ಫಾಲ್ಟ್ಸ್ ಕಾಡಿನ ಕಾಡುಹಂದಿ, ಜಿಂಕೆ ಮಾಂಸದ ಜೊತೆ ಕೆಂಪು ಬೆರಿ ಜಾಮ್ ಕೊಡ್ತಾರೆ, ಅಲ್ಲಿ ಬಾರೀಕ್ ಡಾರ್ನ್‌ಫೆಲ್ಡರ್ ಇಡಿ, ಪೀಪಾಯಿಯ ಹೊಗೆ ವಾಸನೆಗೂ ಕಾಡಿನ ಮಾಂಸಕ್ಕೂ ಒಂದು ನಂಟು. ಫಾಲ್ಟ್ಸ್‌ನವರ ಹೆಮ್ಮೆಯ ತಿಂಡಿ ಸೌಮಾಗೆನ್, ಹಂದಿ ಹೊಟ್ಟೆಚೀಲದಲ್ಲಿ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸೋದು, ಚಾನ್ಸಲರ್ ಆಗಿದ್ದ ಹೆಲ್ಮುಟ್ ಕೋಲ್ ಅವರಿಗೆ ಪ್ರಾಣ ಅದು, ಬಂದ ವಿದೇಶಿ ನಾಯಕರಿಗೂ ಬಡಿಸ್ತಿದ್ರು. ಅದಕ್ಕೆ ಸಾಮಾನ್ಯವಾಗಿ ರೀಸ್ಲಿಂಗ್ ಕುಡೀತಾರೆ, ಆದ್ರೆ ಹೋಳು ಮಾಡಿ ಬಾಣಲೆಯಲ್ಲಿ ಕೆಂಪಗೆ ಹುರಿದಿದ್ರೆ ನಾನು ಡಾರ್ನ್‌ಫೆಲ್ಡರನ್ನೇ ತಗೊಳ್ತೀನಿ.

ಎಲ್ಲಿ ಬೇಡ ಅಂದ್ರೆ, ಮೇ ತಿಂಗಳಿನ ಬಿಳಿ ಆಸ್ಪರಾಗಸ್ ಜೊತೆ ಬೇಡ, ಅದಕ್ಕೆ ಸಿಲ್ವಾನರ್ ಅನ್ನೋ ಬಿಳಿ ವೈನ್ ಇದೆ. ಮೀನಿಗೂ ಬೇಡ. ಕಟು ವಾಸನೆಯ ನೀಲಿ ಬೂಜಿನ ಚೀಸ್ ಜೊತೆ ಒಣ ಡಾರ್ನ್‌ಫೆಲ್ಡರ್ ಕಹಿ ಬರತ್ತೆ, ಗೌಡಾ, ಬೆರ್ಗ್‌ಕೇಸೆ ಥರದ ಗಟ್ಟಿ ಚೀಸ್ ತಗೊಳ್ಳಿ.

ಇನ್ನು ಮ್ಯಾನ್‌ಹೈಮ್‌ನವರ ಆ ಸಿಹಿ ಬಾಟಲಿ. ಊಟಕ್ಕಲ್ಲ, ಊಟ ಆದ ಮೇಲೆ. ಚೆನ್ನಾಗಿ ತಣ್ಣಗೆ ಮಾಡಿ ಕಪ್ಪು ಚಾಕ್ಲೇಟ್ ಜೊತೆ, ಇಲ್ಲಾ ಸೆಪ್ಟೆಂಬರ್‌ನ ಪ್ಲಮ್ ಕೇಕ್ ಜೊತೆ ಕೊಡಿ. ಬ್ಲ್ಯಾಕ್ ಫಾರೆಸ್ಟ್ ಕೇಕಲ್ಲೂ ಚೆರಿ ಇರತ್ತಲ್ಲ, ಅದಕ್ಕೂ ಸೇರತ್ತೆ. ತಿನ್ನೋ ಸಿಹಿಗಿಂತ ವೈನ್ ಸಿಹಿ ಕಮ್ಮಿ ಇರಬಾರದು, ಇದ್ರೆ ವೈನ್ ಹುಳಿ ಹುಳಿ ಆಗಿಬಿಡತ್ತೆ, ಅಷ್ಟು ನೋಡ್ಕೊಂಡ್ರೆ ಸಾಕು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮಾಂಸ ಬಿಟ್ಟು ಅಲ್ಲಿನ ಯಾವ ಊಟಕ್ಕೆ ಇದು ಸೇರತ್ತೆ? ವೈನಲ್ಲೇ ಪ್ರಾಣಿ ಪದಾರ್ಥ ಇರತ್ತೆ ಅಂತಾರಲ್ಲ, ನಿಜಾನಾ? (ಷ್ಟುಟ್‌ಗಾರ್ಟ್‌ನಿಂದ)

ಉತ್ತರ: ಒಳ್ಳೇ ಪ್ರಶ್ನೆ, ಅರ್ಧ ನಿಜ. ಹೊಸ ವೈನ್ ಮಬ್ಬಾಗಿರತ್ತೆ, ಒಗರೂ ಜಾಸ್ತಿ ಇರಬಹುದು. ಅದನ್ನ ತಿಳಿ ಮಾಡೋಕೆ ಕೆಲವರು ಮೊಟ್ಟೆಯ ಬಿಳಿ, ಜೆಲಟಿನ್, ಹಾಲಿನ ಕೇಸೀನ್, ಮೀನಿನ ಗಾಳಿಚೀಲದ ಅಂಟು ಇಂಥದ್ದೆಲ್ಲ ಬಳಸ್ತಾರೆ. ಅದು ಕಲ್ಮಶ ಹಿಡ್ಕೊಂಡು ತಳಕ್ಕೆ ಇಳಿಯತ್ತೆ, ಮೇಲಿನ ತಿಳಿ ತೆಗೀತಾರೆ, ಹಾಗಾಗಿ ವೈನಲ್ಲಿ ಅದು ಉಳಿಯೋದು ಇಲ್ಲ ಅನ್ನೋ ಅಷ್ಟು ಕಮ್ಮಿ, ಆದ್ರೂ ಮನಸ್ಸಿಗೆ ಬೇಡ ಅನ್ಸತ್ತೆ ಅಂದ್ರೆ ಅದು ಸರೀನೇ. ಈಗ ತುಂಬಾ ತೋಟದವರು ಬೆಂಟೊನೈಟ್ ಅನ್ನೋ ಜೇಡಿಮಣ್ಣು ಅಥವಾ ಬಟಾಣಿ ಪ್ರೋಟೀನಲ್ಲಿ ಈ ಕೆಲಸ ಮಾಡ್ತಾರೆ. ಬಾಟಲಿ ಮೇಲೆ ವೇಗಾನ್ ಅಂತ ಬರೆದಿರೋದನ್ನ ಹುಡುಕಿ, ಬರೆದಿಲ್ಲ ಅಂದ್ರೆ ತೋಟದವರನ್ನೇ ಕೇಳಿ, ಬೇಜಾರು ಮಾಡ್ಕೊಳ್ಳಲ್ಲ. ಇನ್ನೊಂದು ಗಮನಿಸಿ, 2023ರ ಡಿಸೆಂಬರ್ 8ರ ನಂತರ ತಯಾರಾದ ವೈನಿಗೆ ಯುರೋಪಿಯನ್ ಯೂನಿಯನ್ ನಿಯಮದ ಪ್ರಕಾರ ಪದಾರ್ಥಗಳ ಪಟ್ಟಿ ಕೊಡಲೇಬೇಕು, ಹೆಚ್ಚಿನವರು ಕ್ಯೂಆರ್ ಕೋಡಲ್ಲಿ ಹಾಕ್ತಾರೆ. ಆದ್ರೆ ತಿಳಿ ಮಾಡೋಕೆ ಬಳಸಿದ ಜೆಲಟಿನ್ ಥರದ್ದು ಪದಾರ್ಥ ಅಂತ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ನಿಶ್ಚಿಂತೆ ಅಂದ್ಕೋಬೇಡಿ.

ಊಟಕ್ಕೆ ಬಂದ್ರೆ ನೀವಿರೋ ಷ್ವಾಬೆನ್ ಕಡೆ ಕೇಸೆಷ್ಪೆಟ್ಸ್ಲೆ ಇದೆಯಲ್ಲ, ಚೀಸ್ ಹಾಕಿದ ಮೆತ್ತನೆ ನೂಡಲ್ಸ್ ಥರದ್ದು, ಮೇಲೆ ಕಂದು ಬಣ್ಣಕ್ಕೆ ಹುರಿದ ಈರುಳ್ಳಿ ಹಾಕಿರ್ತಾರೆ, ಆ ಚೀಸಿನ ಜಿಡ್ಡಿಗೆ ಡಾರ್ನ್‌ಫೆಲ್ಡರ್ ತುಂಬಾ ಹಿತ. ಆದ್ರೆ ಷ್ಪೆಟ್ಸ್ಲೆ ಹಿಟ್ಟಿಗೆ ಮೊಟ್ಟೆ ಹಾಕ್ತಾರೆ, ನೀವು ಮೊಟ್ಟೆ ತಿನ್ನಲ್ಲ ಅಂದ್ರೆ ಕೇಳ್ಕೊಳ್ಳಿ. ಶರತ್ಕಾಲದಲ್ಲಿ ಕಾಡಿನ ಅಣಬೆ ಬರತ್ತೆ, ಅಣಬೆಯನ್ನ ಕೆನೆಯಲ್ಲಿ ಬೇಯಿಸಿದ್ದು ಇನ್ನೊಂದು ಒಳ್ಳೇ ಜೋಡಿ. ನಂಗೆ ಎಲ್ಲಕ್ಕಿಂತ ಇಷ್ಟ ಫಾಲ್ಟ್ಸ್‌ನ ಚೆಸ್ಟ್‌ನಟ್, ಅವರ ಭಾಷೆಯಲ್ಲಿ ಕೆಶ್ಡೆ, ಅಕ್ಟೋಬರಲ್ಲಿ ಕಾಡಲ್ಲಿ ಉದುರಿ ಬಿದ್ದಿರತ್ತೆ, ಅದನ್ನ ಸುಟ್ಟು ಕೆಂಪು ಕೋಸಿನ ಪಲ್ಯಕ್ಕೆ ಹಾಕಿ, ಆ ಹಿಟ್ಟುಹಿಟ್ಟಾದ ಸಿಹಿಗೆ ಈ ವೈನ್ ಎಷ್ಟು ಚೆಂದ ಕೂಡತ್ತೆ ಅಂದ್ರೆ ಮಾಂಸದ ನೆನಪೇ ಯಾರಿಗೂ ಬರಲ್ಲ. ಈರುಳ್ಳಿ ಕೇಕ್ ಸ್ವಿಬೆಲ್‌ಕೂಖೆನ್ ಮಾತ್ರ ಜೋಪಾನ, ಹೆಚ್ಚಿನ ಕಡೆ ಬೇಕನ್ ಹಾಕಿರ್ತಾರೆ.

ಪ್ರಶ್ನೆ: ಕೆಂಪು ವೈನ್ ಫ್ರಿಜ್ಜಲ್ಲಿ ಇಡಬಾರದು ಅಂತಾರೆ. ಎಷ್ಟು ವರ್ಷ ಇಡಬಹುದು? (ಬರ್ಲಿನ್‌ನಿಂದ)

ಉತ್ತರ: ಇದನ್ನ ಇಡಬಹುದು, ಸ್ವಲ್ಪ ಹೊತ್ತು ಇಡಲೇಬೇಕು. ಹಣ್ಣಿನ ರುಚಿಯ ಮಾಮೂಲಿ ಡಾರ್ನ್‌ಫೆಲ್ಡರ್ 14 ಡಿಗ್ರಿ ಸುತ್ತಮುತ್ತ ಚೆನ್ನ, ಬೇಸಿಗೆಯಲ್ಲಿ ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ತೆಗೀರಿ. ಬಾರೀಕ್‌ಗೆ 16ರಿಂದ 18 ಡಿಗ್ರಿ, ಕುಡಿಯೋ ಅರ್ಧ ಗಂಟೆ ಮುಂಚೆ ತೆರೆದಿಡಿ. ಮಾಮೂಲಿದನ್ನ ಎರಡು ಮೂರು ವರ್ಷದೊಳಗೆ ಮುಗಿಸಿ, ಬಾರೀಕ್ ಐದಾರು ವರ್ಷ ಇರತ್ತೆ. ತೆರೆದ ಬಾಟಲಿಗೆ ಮುಚ್ಚಳ ಹಾಕಿ ಫ್ರಿಜ್ಜಲ್ಲಿಟ್ರೆ ಮೂರು ದಿನ ಮೋಸ ಇಲ್ಲ. ಬಿಳಿ ಅಂಗಿ ಹಾಕ್ಕೊಂಡು ಸುರಿಯೋಕೆ ಹೋಗಬೇಡಿ, ಈ ಕಲೆ ಸುಲಭಕ್ಕೆ ಹೋಗಲ್ಲ.

ಪ್ರಶ್ನೆ: ಮಸಾಲೆ ಹಾಕಿದ ಬಿಸಿ ವೈನ್ ಗ್ಲ್ಯೂವೈನ್ ಮನೇಲೇ ಮಾಡೋಕೆ ಡಾರ್ನ್‌ಫೆಲ್ಡರ್ ಆಗತ್ತಾ? (ಹಾಂಬುರ್ಗ್‌ನಿಂದ)

ಉತ್ತರ: ತುಂಬಾ ಚೆನ್ನಾಗಾಗತ್ತೆ, ತೋಟದವರೇ ತಮ್ಮ ಡಾರ್ನ್‌ಫೆಲ್ಡರಲ್ಲಿ ಮಾಡಿ ಮಾರ್ತಾರೆ. ಚಕ್ಕೆ, ಲವಂಗ, ಚಕ್ರಮೊಗ್ಗು, ಕಿತ್ತಳೆ ಸಿಪ್ಪೆ, ಸಕ್ಕರೆ ಕೊನೆಗೆ ರುಚಿ ನೋಡ್ಕೊಂಡು. ಕುದಿಸಬೇಡಿ, ಆಲ್ಕೋಹಾಲ್ 78 ಡಿಗ್ರಿಗೆ ಆವಿ ಆಗತ್ತೆ, ಮಸಾಲೆನೂ ಕಹಿ ಬಿಡತ್ತೆ, ಹಬೆ ಏಳೋಕೆ ಶುರುವಾದ ಕೂಡ್ಲೇ ಉರಿ ಇಳಿಸಿ ಒಂದು ಗಂಟೆ ಹಾಗೇ ಬಿಡಿ.

ಪ್ರಶ್ನೆ: ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎರಡು ದಿನ ರಜೆ ಹಾಕಿ ತೋಟಗಳನ್ನ ನೋಡೋ ಆಸೆ. ಎಲ್ಲಿಗೆ ಹೋಗ್ಲಿ? ಕಾರ್ ಇದೆ. (ಕ್ಯೋಲ್ನ್‌ನಿಂದ)

ಉತ್ತರ: ಕಾರ್ ಮನೇಲೇ ಬಿಡಿ, ಇದನ್ನ ನಾನು ಗಂಭೀರವಾಗಿ ಹೇಳ್ತಿದೀನಿ. ಅಲ್ಲಿ ಗಾಡಿ ಓಡಿಸೋರ ರಕ್ತದಲ್ಲಿ ಆಲ್ಕೋಹಾಲ್‌ಗೆ 0.5 ಪ್ರೊಮಿಲ್, ಅಂದ್ರೆ ಸಾವಿರಕ್ಕೆ ಅರ್ಧ ಪಾಲು ಮಿತಿ, ಲೈಸೆನ್ಸ್ ಹೊಸದು, ಅಂದ್ರೆ ಪ್ರೊಬೇಷನ್ ಅವಧಿ ಮುಗಿದಿಲ್ಲ ಅಂದ್ರೆ, ಅಥವಾ 21 ವರ್ಷ ತುಂಬಿಲ್ಲ ಅಂದ್ರೆ ಒಂದು ಹನಿನೂ ಇಲ್ಲ. ಟ್ರೈನ್ ಇದೆ, ನೊಯ್‌ಷ್ಟಾಟ್‌ನಿಂದ ಬಾಡ್ ಡ್ಯುರ್ಕ್‌ಹೈಮ್‌ಗೆ ದ್ರಾಕ್ಷಿ ತೋಟಗಳ ಪಕ್ಕದಲ್ಲೇ ಹೋಗತ್ತೆ.

ಫಾಲ್ಟ್ಸ್‌ನಲ್ಲಿ ಡೊಯ್ಚೆ ವೈನ್‌ಷ್ಟ್ರಾಸೆ ಅಂತ ವೈನ್ ರಸ್ತೆ ಇದೆ, 1935ರಲ್ಲಿ ಶುರುವಾಗಿದ್ದು, ಫ್ರಾನ್ಸ್ ಗಡಿಯ ಷ್ವೈಗೆನ್‌ನಿಂದ ಬೊಕ್ಕೆನ್‌ಹೈಮ್‌ವರೆಗೆ 85 ಕಿಲೋಮೀಟರ್, ಹಳ್ಳಿ ಆದ್ಮೇಲೆ ಹಳ್ಳಿ. ಬಾಡ್ ಡ್ಯುರ್ಕ್‌ಹೈಮ್‌ನಲ್ಲಿ ಸೆಪ್ಟೆಂಬರಲ್ಲಿ ವುರ್ಸ್ಟ್‌ಮಾರ್ಕ್ಟ್ ನಡೆಯತ್ತೆ, ಹೆಸರಿನ ಅರ್ಥ ಸಾಸೇಜ್ ಸಂತೆ, ಆದ್ರೆ ಜಗತ್ತಿನ ಅತಿ ದೊಡ್ಡ ವೈನ್ ಜಾತ್ರೆ ಅಂತ ಅವರ ಹೆಮ್ಮೆ, 600 ವರ್ಷಕ್ಕಿಂತ ಹಳೇದು. ಅರ್ಧ ಲೀಟರಿನ, ಬೆರಳು ಜಾರದ ಹಾಗೆ ಗುಳಿ ಗುಳಿ ಇರೋ ಗ್ಲಾಸಲ್ಲಿ ಕೊಡ್ತಾರೆ, ಡುಬ್ಬೆಗ್ಲಾಸ್ ಅಂತ ಹೆಸರು, ಒಬ್ಬರೇ ಕುಡಿಯೋಕಲ್ಲ, ಮೇಜಲ್ಲಿ ಕೂತವರೆಲ್ಲ ಕೈ ಬದಲಿಸ್ತಾ ಕುಡಿಯೋದು, ಗುರುತಿಲ್ಲದವರೂ ನಿಮ್ಮ ಕಡೆ ಚಾಚ್ತಾರೆ. ಅದನ್ನ ಕಂಡ್ರೆ ನಂಗೆ ಆ ಜನರ ಮೇಲೆ ಪ್ರೀತಿ ಉಕ್ಕತ್ತೆ.

ಗದ್ದಲ ಬೇಡ ಅಂದ್ರೆ ರೈನ್‌ಹೆಸ್ಸೆನ್ ಹಳ್ಳಿಗಳಿಗೆ ಹೋಗಿ ಷ್ಟ್ರೌಸ್‌ವಿರ್ಟ್‌ಶಾಫ್ಟ್ ಹುಡುಕಿ. ರೈತರು ತಮ್ಮ ಮನೆ ಅಂಗಳದಲ್ಲೇ ವರ್ಷಕ್ಕೆ ಹೆಚ್ಚಂದ್ರೆ ನಾಲ್ಕು ತಿಂಗಳು, ನಲವತ್ತು ಸೀಟು ಮೀರದ ಹಾಗೆ ನಡೆಸೋ ಜಾಗ ಅದು, ಬಾಗಿಲಿಗೆ ಎಲೆಗಳ ಗೊಂಚಲು ಇಲ್ಲಾ ಪೊರಕೆ ಕಟ್ಟಿದ್ರೆ ತೆರೆದಿದೆ ಅಂತ. ಅವರದ್ದೇ ವೈನ್, ಜೊತೆಗೆ ಷ್ಪುಂಡೆಕೇಸ್ ಅನ್ನೋ ಮೆತ್ತನೆ ಚೀಸ್, ಬ್ರೆಡ್. ಬಡಿಸೋ ಅಜ್ಜಿನೇ ಆ ತೋಟದ ಯಜಮಾನಿ ಆಗಿರ್ತಾರೆ ಹೆಚ್ಚಿನ ಸಲ.

ನೀವು ಕ್ಯೋಲ್ನ್‌ನವರಾದ್ರಿಂದ ಅಹರ್ ಕಣಿವೆ ಹತ್ರ ಇದೆ, ಅದನ್ನೂ ಹೇಳಲೇಬೇಕು. ಅಲ್ಲಿ ಡಾರ್ನ್‌ಫೆಲ್ಡರ್ ಸಿಗೋದು ಕಮ್ಮಿ, ಷ್ಪೇಟ್‌ಬುರ್ಗುಂಡರ್ ಊರು ಅದು, ಕಡಿದಾದ ಇಳಿಜಾರು, ಕಪ್ಪು ಕಲ್ಲಿನ ಮಣ್ಣು. 2021ರ ಜುಲೈ 14ರ ರಾತ್ರಿ ಬಂದ ಪ್ರವಾಹದಲ್ಲಿ ಆ ಕಣಿವೆಯಲ್ಲಿ 130ಕ್ಕೂ ಹೆಚ್ಚು ಜನ ಸತ್ರು, ವೈನ್ ನೆಲಮಾಳಿಗೆಗಳೆಲ್ಲ ಕೆಸರು ತುಂಬಿ ಹೋದ್ವು. ಉಳಿದ ಬಾಟಲಿಗಳನ್ನ ತೊಳೀದೇ ಕೆಸರು ಮೆತ್ತಿದ ಹಾಗೇ ಮಾರಿ ಪುನರ್ನಿರ್ಮಾಣಕ್ಕೆ ದುಡ್ಡು ಎತ್ತಿದ್ರು, ಫ್ಲೂಟ್‌ವೈನ್ ಅಂತ, ಪ್ರವಾಹದ ವೈನ್. ನನ್ನ ಗೆಳತಿ ಮನೆ ಕಪಾಟಲ್ಲಿ ಒಂದು ಬಾಟಲಿ ಇನ್ನೂ ಇದೆ, ಕೆಸರು ಒಣಗಿ ಬಿರುಕು ಬಿಟ್ಟಿದೆ, ಅದನ್ನ ತೆಗೆಯೋಕೆ ಆಕೆಗೆ ಮನಸ್ಸು ಬರಲ್ಲ. ಒಂದು ದಿನ ಅಲ್ಲಿಗೆ ಇಡಿ. ದೆರ್ನೌ, ಮೈಶೋಸ್ ಹಳ್ಳಿಗಳ ಮೇಲೆ ತೋಟಗಳ ನಡುವೆಯೇ ನಡೆದು ಹೋಗೋ ದಾರಿ ಇದೆ, ಅಕ್ಟೋಬರ್ ಮಧ್ಯದಲ್ಲಿ ಎಲೆಗಳೆಲ್ಲ ಹಳದಿ ಕೆಂಪಾಗಿರತ್ತೆ, ಕೆಳಗಿಳಿದು ತೋಟದವರ ಹತ್ರ ನೇರವಾಗಿ ಎರಡು ಬಾಟಲಿ ತಗೊಳ್ಳಿ.